ಪೆನ್‌ಡ್ರೈವ್‌ನ ಪೂರ್ತಿ ಜಾಗ ವಾಪಸ್ ತರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ನವನಗರದ ನಮ್ಮ ಕಂಪ್ಯೂಟರ್ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ಬರುವವರಿಗೆ ಬರವಿಲ್ಲ. ವಿದ್ಯಾಗಿರಿಯ ಇಂಜಿನಿಯರಿಂಗ್ ಹುಡುಗರು ಬರುತ್ತಾರೆ. ಮದುವೆ ಸೀಸನ್ನಿನಲ್ಲಿ ಫೋಟೋ ಸ್ಟುಡಿಯೋದವರು. ಕಬ್ಬಿನ ಸೀಸನ್ ಶುರುವಾದರೆ ಮುಧೋಳ, ಜಮಖಂಡಿ ಕಡೆಯ ಟ್ರ್ಯಾಕ್ಟರ್ ಡ್ರೈವರ್‌ಗಳು. ಎಲ್ಲರ ದೂರೂ ಒಂದೇ: ಜಾಗ ಕಡಿಮೆ ಆಗಿದೆ. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಕಾರಣ ನೋಡದೆ ಸುಮ್ನೆ ಫಾರ್ಮ್ಯಾಟ್ ಒತ್ತಿದವರು ಆಮೇಲೆ ಫೋಟೋ ಹುಡುಕಿಕೊಡಿ ಅಂತ ಎರಡನೇ ಸಲ ಬರುತ್ತಾರೆ. ಅಂಗಡಿಯಲ್ಲಿ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಕೇಳಿದ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ.

## ಮೊದಲು ಲೆಕ್ಕ

32 ಜಿಬಿ ಅಂತ ಬರದಾರ, ಕಂಪ್ಯೂಟರ್‌ನಾಗ 28.9 ಅಷ್ಟ ತೋರಸ್ತೈತಿ. ಮೋಸ ಏನ್ರಿ?

ಅಲ್ಲ. ಪೆನ್‌ಡ್ರೈವ್ ಕಂಪನಿಗಳು 1 ಜಿಬಿ ಅಂದರೆ 100 ಕೋಟಿ ಬೈಟ್ ಅಂತ ಎಣಿಸುತ್ತವೆ. ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ಅದಕ್ಕೆ 1 ಜಿಬಿ ಅಂದರೆ 107,37,41,824 ಬೈಟ್. 32 ಜಿಬಿಯ 3200 ಕೋಟಿ ಬೈಟನ್ನು ಇದರಿಂದ ಭಾಗಿಸಿದರೆ ಬರುವುದು 29.8. ಹೀಗೆಯೇ 16 ಜಿಬಿಗೆ 14.9, 64 ಜಿಬಿಗೆ 59.6, 128 ಜಿಬಿಗೆ 119.2. ಇದರ ಮೇಲೆ, ಚಿಪ್‌ನಲ್ಲಿ ಕೆಡುವ ಭಾಗಗಳಿಗೆ ಬದಲಿಯಾಗಿ ಕಂಪನಿ ಒಂದಿಷ್ಟು ಜಾಗ ತೆಗೆದಿಡುತ್ತದೆ. ಫೈಲ್‌ಗಳ ಪಟ್ಟಿಗೂ ಸ್ವಲ್ಪ ಬೇಕು. ಹಾಗಾಗಿ 28.9 ಸರಿಯಾಗಿಯೇ ಇದೆ.

ಅದೇ ಡ್ರೈವನ್ನು ಮ್ಯಾಕ್‌ಗೆ ಹಾಕಿದರೆ 31 ಜಿಬಿ ಅಂತ ತೋರಿಸುತ್ತದೆ. ಜಾಗ ಹೆಚ್ಚಾಗಿಲ್ಲ. 2009ರ ಸ್ನೋ ಲೆಪರ್ಡ್‌ನಿಂದ ಮ್ಯಾಕ್ ಕೂಡ ಕಂಪನಿಗಳ ಲೆಕ್ಕದಲ್ಲೇ ಎಣಿಸುತ್ತದೆ, ಅಷ್ಟೇ.

ಹಾಗಾದರೆ ಎಷ್ಟು ಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಕು?

ನೂರಕ್ಕೆ ಹತ್ತರವರೆಗೆ ಕಡಿಮೆ ಇದ್ದರೆ ಬಿಟ್ಟುಬಿಡಿ. ಅದಕ್ಕಿಂತ ಜಾಸ್ತಿ ಕಡಿಮೆ ಇದ್ದರೆ ಮೂರರಲ್ಲಿ ಯಾವುದು ಅಂತ ಮೊದಲು ನೋಡಿ. ಒಟ್ಟು ಜಾಗವೇ 4 ಎಂಬಿ, 200 ಎಂಬಿ ಹೀಗೆ ತೋರಿಸಿದರೆ ಪಾರ್ಟಿಶನ್ ಕಥೆ, ಅಂದರೆ ಡ್ರೈವಿನ ಜಾಗವನ್ನು ಭಾಗ ಮಾಡಿದ್ದರ ಕಥೆ. ಒಟ್ಟು ಜಾಗ ಸರಿ ಇದ್ದು, ಫೈಲ್ ಇಲ್ಲದೆಯೂ ತುಂಬಿದೆ ಅಂದರೆ ಅಡಗಿದ ಫೈಲ್‌ಗಳ ಕಥೆ. ಜಾಗ ಬೇಕಾದಷ್ಟು ತೋರಿಸಿ, ಹಾಕಿದ ಫೈಲ್ ಮಾತ್ರ ತೆರೆಯದಿದ್ದರೆ ನಕಲಿ ಡ್ರೈವ್ ಇರಬಹುದು.

ವಿಂಡೋಸ್‌ನಲ್ಲಿ ನೋಡುವ ದಾರಿ ಸುಲಭ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಅರ್ಧದಲ್ಲಿ ಒಂದೊಂದು ಡಿಸ್ಕಿಗೆ ಒಂದೊಂದು ಉದ್ದ ಪಟ್ಟಿ ಇರುತ್ತದೆ. ನಿಮ್ಮ ಪೆನ್‌ಡ್ರೈವ್ ಪಟ್ಟಿಯಲ್ಲಿ ಸಣ್ಣದೊಂದು ನೀಲಿ ತಲೆಯ ತುಂಡು, ಪಕ್ಕದಲ್ಲಿ ಕಪ್ಪು ತಲೆಯ ದೊಡ್ಡ ತುಂಡು, ಅದರೊಳಗೆ 'ಅನ್‌ಅಲೊಕೇಟೆಡ್' ಅಂತ ಇದ್ದರೆ ನಿಮ್ಮ ಜಾಗ ಅಲ್ಲೇ ಬಿದ್ದಿದೆ.

## ಫೈಲ್ ಇಲ್ಲ, ಜಾಗವೂ ಇಲ್ಲ

ಎಲ್ಲಾ ಹಾಡು ಡಿಲೀಟ್ ಹೊಡದೀನಿ. ಆದ್ರೂ ಜಾಗ ಖಾಲಿ ಆಗವಲ್ದು. ಯಾಕ್ರಿ?

ಎಲ್ಲಿ ಡಿಲೀಟ್ ಮಾಡಿದಿರಿ ಅನ್ನುವುದು ಮುಖ್ಯ. ಉಬುಂಟುವಿನಲ್ಲಿ (ವಿಂಡೋಸ್ ಬದಲು ಹಾಕುವ ಒಂದು ಲಿನಕ್ಸ್) ಅಳಿಸಿದರೆ ಫೈಲ್ ಹೋಗುವುದಿಲ್ಲ. ಅದೇ ಪೆನ್‌ಡ್ರೈವ್‌ನಲ್ಲಿ ಚುಕ್ಕೆಯಿಂದ ಶುರುವಾಗುವ 'ಟ್ರ್ಯಾಶ್-1000' ಎಂಬ ಫೋಲ್ಡರಿಗೆ ಸೇರುತ್ತದೆ. ಮ್ಯಾಕ್‌ನಲ್ಲೂ 'ಟ್ರ್ಯಾಶಸ್' ಅಂತ ಹೀಗೇ ಒಂದು ಇರುತ್ತದೆ. ಕಾಲೇಜ್ ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಬಳಸಿದ ಡ್ರೈವ್‌ಗಳಲ್ಲಿ ಇದು ತುಂಬಾ ಕಾಣುತ್ತದೆ. ಅದೇ ಕಂಪ್ಯೂಟರಿನಲ್ಲಿ ಡ್ರೈವ್ ಚುಚ್ಚಿದ್ದಾಗಲೇ ಟ್ರ್ಯಾಶ್ ಖಾಲಿ ಮಾಡಿ. ಇಲ್ಲವೇ ವಿಂಡೋಸ್‌ನಲ್ಲಿ ಆ ಫೋಲ್ಡರನ್ನೇ ಅಳಿಸಿ. ಫಾರ್ಮ್ಯಾಟ್ ಬೇಕಿಲ್ಲ.

ಜೆರಾಕ್ಸ್ ಅಂಗಡಿಯಲ್ಲಿ ಹಾಕಿ ಬಂದೆ. ಈಗ ಬರೀ ಶಾರ್ಟ್‌ಕಟ್ ಕಾಣ್ತಿವೆ, ನನ್ನ ಫೈಲ್ ಹೋದವಾ?

ಹೋಗಿಲ್ಲ, ಅಡಗಿವೆ. ಇದು ಶಾರ್ಟ್‌ಕಟ್ ವೈರಸ್. ನಿಮ್ಮ ಫೈಲ್‌ಗಳನ್ನು ಮರೆಮಾಡಿ, ಅವುಗಳ ಹೆಸರಿನಲ್ಲೇ ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದರೆ ನಿಮ್ಮ ಫೈಲ್ ಜೊತೆ ವೈರಸ್ಸೂ ಶುರುವಾಗುತ್ತದೆ. ಆದ್ದರಿಂದ ಯಾವುದನ್ನೂ ಡಬಲ್ ಕ್ಲಿಕ್ ಮಾಡಬೇಡಿ. ಮೊದಲು ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಶನ್ಸ್‌ನ ವ್ಯೂ ಟ್ಯಾಬಿಗೆ ಹೋಗಿ, ಅಡಗಿದ ಫೈಲ್ ತೋರಿಸು ಅನ್ನುವುದನ್ನು ಆರಿಸಿ. ಅಲ್ಲೇ ಕೆಳಗೆ ಆಪರೇಟಿಂಗ್ ಸಿಸ್ಟಮ್ ಫೈಲ್‌ಗಳನ್ನು ಮರೆಮಾಡು ಅನ್ನುವುದರ ಟಿಕ್ ತೆಗೆಯಿರಿ. ಎರಡನ್ನೂ ಮಾಡಬೇಕು, ಒಂದೇ ಮಾಡಿದರೆ ಕಾಣುವುದಿಲ್ಲ. ಕೆಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ಎಲ್ಲ ಸಿಗುತ್ತದೆ. ಬೇಕಾದ್ದನ್ನು ಮಾತ್ರ ಕಾಪಿ ಮಾಡಿಕೊಂಡು ಡ್ರೈವ್ ಫಾರ್ಮ್ಯಾಟ್ ಮಾಡಿ.

'ಫೌಂಡ್ ಡಾಟ್ 000' ಅಂತ ಒಂದು ಫೋಲ್ಡರ್ ಬಂದಿದೆ. ಅಳಿಸಬಹುದಾ?

ಕಾಪಿ ಆಗುವಾಗಲೇ ಡ್ರೈವ್ ಕಿತ್ತರೆ ಕೆಲವು ತುಂಡುಗಳು ಯಾವ ಫೈಲಿಗೂ ಸೇರದೆ ಉಳಿಯುತ್ತವೆ. ವಿಂಡೋಸ್ ಡ್ರೈವ್ ಪರೀಕ್ಷೆ ಮಾಡಿದಾಗ ಅವನ್ನೆಲ್ಲ ಗುಡ್ಡೆ ಹಾಕಿ ಈ ಫೋಲ್ಡರಿನಲ್ಲಿ ಇಡುತ್ತದೆ. ಕಳೆದದ್ದು ಏನೂ ಇಲ್ಲ ಅಂದರೆ ಅಳಿಸಿ, ಜಾಗ ಬರುತ್ತದೆ.

## ಪೂರ್ತಿ ಜಾಗ ವಾಪಸ್ ತರುವುದು

ಉಬುಂಟು ಹಾಕೋಕೆ ಬೂಟೇಬಲ್ ಮಾಡಿದ್ದೆ. ಈಗ 32 ಜಿಬಿ ಡ್ರೈವ್ 4 ಎಂಬಿ ಅಂತ ತೋರಿಸ್ತಿದೆ! ಸುಟ್ಟು ಹೋಯ್ತಾ?

ಸುಟ್ಟಿಲ್ಲ, ಹೆದರಬೇಡಿ. ಐಎಸ್‌ಒ ಫೈಲನ್ನು (ಉಬುಂಟು ಪೂರ್ತಿ ತುಂಬಿರುವ ಒಂದೇ ಫೈಲ್) ಎಚರ್‌ನಂಥ ತಂತ್ರಾಂಶದಿಂದ ಬರೆದಾಗ, ಆ ಫೈಲಿನಲ್ಲಿದ್ದ ಪಾರ್ಟಿಶನ್ ಪಟ್ಟಿಯೇ ನಿಮ್ಮ ಡ್ರೈವಿನ ಪಟ್ಟಿಯಾಗಿಬಿಡುತ್ತದೆ. ಅದರಲ್ಲಿ ಬೂಟ್ ಆಗಲಿಕ್ಕೆ, ಅಂದರೆ ಆ ಡ್ರೈವಿನಿಂದಲೇ ಕಂಪ್ಯೂಟರ್ ಶುರುವಾಗಲಿಕ್ಕೆ ಬೇಕಾದ ಕೆಲವೇ ಎಂಬಿಯ ಒಂದು ಪುಟ್ಟ ಪಾರ್ಟಿಶನ್ ಇರುತ್ತದೆ. ವಿಂಡೋಸಿಗೆ ಓದಲು ಬರುವುದು ಅದೊಂದೇ. ನಾಲ್ಕೆಕರೆ ಹೊಲದ ಒಂದು ಮೂಲೆಗೆ ಬೇಲಿ ಹಾಕಿ, ಬೇಲಿಯೊಳಗೆ ನಿಂತು ಹೊಲ ಇಷ್ಟೇ ಅಂದ ಹಾಗೆ. ಬೇಲಿ ಕಿತ್ತರೆ ಹೊಲ ಪೂರ್ತಿ ನಿಮ್ಮದೇ.

ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ರೆ ಸಾಕಲ್ವಾ?

ಸಾಲದು. ಫಾರ್ಮ್ಯಾಟ್ ಇದ್ದ ಪಾರ್ಟಿಶನ್ನಿನ ಒಳಗೆ ಮಾತ್ರ ಕೆಲಸ ಮಾಡುತ್ತದೆ. 4 ಎಂಬಿಯನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ 4 ಎಂಬಿಯೇ. ಪಾರ್ಟಿಶನ್‌ಗಳನ್ನೇ ತೆಗೆದು ಹೊಸದಾಗಿ ಒಂದು ಮಾಡಬೇಕು.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಪೆನ್‌ಡ್ರೈವಿನ ತುಂಡುಗಳ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಲೀಟ್ ವಾಲ್ಯೂಮ್' ಸಿಕ್ಕರೆ ಒಂದೊಂದಾಗಿ ಅಳಿಸಿ, ಕಪ್ಪು ಪಟ್ಟಿಯ ಮೇಲೆ 'ನ್ಯೂ ಸಿಂಪಲ್ ವಾಲ್ಯೂಮ್' ಕೊಡಿ. ಆದರೆ ಬಹಳ ಸಲ 'ಡಿಲೀಟ್ ವಾಲ್ಯೂಮ್' ಸಾಲು ಮಸುಕಾಗಿ ಇರುತ್ತದೆ, ಒತ್ತಲು ಬರುವುದಿಲ್ಲ. ಹಳೆ ವಿಂಡೋಸ್ 7ರಲ್ಲಂತೂ ಪೆನ್‌ಡ್ರೈವಿಗೆ ಅದು ಸಿಗುವುದೇ ಇಲ್ಲ. ಆಗ ವಿಂಡೋಸ್‌ನಲ್ಲೇ ಇರುವ, ಆದೇಶ ಹೊಡೆದು ನಡೆಸುವ ಡಿಸ್ಕ್‌ಪಾರ್ಟ್‌ಗೆ ಹೋಗಬೇಕು.

ಡಿಸ್ಕ್‌ಪಾರ್ಟ್ ಹೆಂಗ ಬಳಸೋದ್ರಿ? ಒಂದೊಂದ ಬಿಡಿಸಿ ಹೇಳ್ರಿ.

ಹೇಳುತ್ತೇನೆ, ಆದರೆ ಓದಿ ಮುಗಿಸಿದ ಮೇಲೆ ಕೈ ಹಾಕಿ. ಇದು ಅಳಿಸುವ ಮೊದಲು 'ಖಂಡಿತಾನಾ?' ಅಂತ ಕೇಳುವುದಿಲ್ಲ. ತಪ್ಪು ಡಿಸ್ಕ್ ಆರಿಸಿದರೆ ಎಂಟರ್ ಒತ್ತಿದ ಕ್ಷಣಕ್ಕೆ ಅದು ಖಾಲಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನೂ ಪಕ್ಕದಲ್ಲೇ ಚುಚ್ಚಿಕೊಂಡು ಕೂತು, ಪೆನ್‌ಡ್ರೈವ್ ಬದಲು ಮದುವೆ ಫೋಟೋಗಳ ಡಿಸ್ಕನ್ನೇ ತೊಳೆದ ಸ್ಟುಡಿಯೋದವರು ನಮ್ಮಲ್ಲಿಗೆ ಬಂದದ್ದಿದೆ. ಅದಕ್ಕೇ ಮೊದಲ ಕೆಲಸ: ಬೇರೆ ಯುಎಸ್‌ಬಿ ಡಿಸ್ಕ್‌ಗಳನ್ನೆಲ್ಲ ತೆಗೆಯಿರಿ.

ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಸ್ಕ್‌ಪಾರ್ಟ್ ಅಂತ ಹೊಡೆಯಿರಿ. ಪೆನ್‌ಡ್ರೈವ್ ಇನ್ನೂ ಚುಚ್ಚಬೇಡಿ. ಲಿಸ್ಟ್ ಡಿಸ್ಕ್ ಕೊಡಿ. ಡಿಸ್ಕ್ 0, 476 ಜಿಬಿ ಅಂತ ಏನೋ ಬರುತ್ತದೆ, ಅದು ಕಂಪ್ಯೂಟರಿನ ಸ್ವಂತದ್ದು. ಈಗ ಪೆನ್‌ಡ್ರೈವ್ ಚುಚ್ಚಿ, ಮತ್ತೆ ಲಿಸ್ಟ್ ಡಿಸ್ಕ್ ಕೊಡಿ. ಹೊಸದಾಗಿ ಬಂದ ಸಾಲೇ ನಿಮ್ಮದು. ಇಲ್ಲಿ ತೋರಿಸುವ ಅಳತೆ ಪೂರ್ತಿ ಡಿಸ್ಕಿನದು. ಹಾಗಾಗಿ ಮೈ ಕಂಪ್ಯೂಟರಿನಲ್ಲಿ 4 ಎಂಬಿ ಅಂದ ಡ್ರೈವ್ ಇಲ್ಲಿ 28 ಜಿಬಿ ಅಂತ ಕಂಡರೆ ಅರ್ಧ ಸಮಾಧಾನ ಇಲ್ಲೇ ಆಗುತ್ತದೆ.

ಅದು ಡಿಸ್ಕ್ 1 ಅಂತಿದ್ದರೆ ಸೆಲೆಕ್ಟ್ ಡಿಸ್ಕ್ 1. ಆಮೇಲೆ ಡೀಟೇಲ್ ಡಿಸ್ಕ್. ಡ್ರೈವಿನ ಹೆಸರು ಬರುತ್ತದೆ, ಟೈಪ್ ಎದುರು ಯುಎಸ್‌ಬಿ ಅಂತ ಇರಬೇಕು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಇದ್ದರೆ ಈ ನಾಲ್ಕು ಆದೇಶ (ಎಕ್ಸ್‌ಫ್ಯಾಟ್ ಅಂದರೆ ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ):

ಕ್ಲೀನ್
ಕ್ರಿಯೇಟ್ ಪಾರ್ಟಿಶನ್ ಪ್ರೈಮರಿ
ಫಾರ್ಮ್ಯಾಟ್ ಎಫ್‌ಎಸ್=ಎಕ್ಸ್‌ಫ್ಯಾಟ್ ಕ್ವಿಕ್
ಅಸೈನ್

ಕೊನೆಗೆ ಎಕ್ಸಿಟ್. 'ಕ್ಲೀನ್' ಬದಲು 'ಕ್ಲೀನ್ ಆಲ್' ಅಂತ ಹೊಡೆದರೆ ಡಿಸ್ಕ್ ಪೂರ್ತಿ ಸೊನ್ನೆ ಬರೆಯುತ್ತಾ ಕೂರುತ್ತದೆ. ಕೆಟ್ಟದ್ದೇನಿಲ್ಲ, ಸುಮ್ನೆ ತಡ. 'ಕ್ಲೀನ್' ಒಮ್ಮೆ ಎರರ್ ಕೊಟ್ಟರೆ ಇನ್ನೊಮ್ಮೆ ಅದನ್ನೇ ಹೊಡೆಯಿರಿ, ಎರಡನೇ ಸಲಕ್ಕೆ ಆಗುವುದುಂಟು.

ಆ ಕಪ್ಪು ಪರದೆ ನೋಡಿದ್ರೆ ಭಯ. ಬೇರೆ ದಾರಿ ಇಲ್ವಾ ಸರ್?

ಇದೆ. ರೂಫಸ್ ಎಂಬ ಉಚಿತ ತಂತ್ರಾಂಶ. ಮೇಲೆ ಡ್ರೈವ್ ಆರಿಸಿ, ಬೂಟ್ ಸೆಲೆಕ್ಷನ್‌ನಲ್ಲಿ 'ನಾನ್ ಬೂಟೇಬಲ್' ಆರಿಸಿ, ಪಾರ್ಟಿಶನ್ ಸ್ಕೀಮ್ (ಪಾರ್ಟಿಶನ್ ಪಟ್ಟಿಯ ನಮೂನೆ) ಎಂಬಿಆರ್ ಇಟ್ಟು ಸ್ಟಾರ್ಟ್ ಒತ್ತಿ. ಒಂದು ನಿಮಿಷದ ಕೆಲಸ. ಇದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳನ್ನು ತಾನಾಗಿ ಪಟ್ಟಿಯಲ್ಲಿ ತೋರಿಸುವುದಿಲ್ಲ. ಮನೆಯಲ್ಲಿ ಒಬ್ಬರೇ ಮಾಡಿಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ.

ನನ್ನ ಹತ್ರ ವಿಂಡೋಸ್ ಇಲ್ಲ. ಲಿನಕ್ಸ್, ಮ್ಯಾಕ್‌ನಲ್ಲಿ?

ಉಬುಂಟುವಿನ 'ಡಿಸ್ಕ್ಸ್' ಆ್ಯಪ್ ತೆರೆದು, ಎಡಗಡೆ ಡ್ರೈವ್ ಆರಿಸಿ, ಮೇಲಿನ ಚುಕ್ಕೆಗಳ ಮೆನುವಿನಲ್ಲಿ 'ಫಾರ್ಮ್ಯಾಟ್ ಡಿಸ್ಕ್' ಕೊಡಿ. ನಂತರ ಖಾಲಿ ಜಾಗದಲ್ಲಿ ಪ್ಲಸ್ ಒತ್ತಿ ಹೊಸ ಪಾರ್ಟಿಶನ್ ಮಾಡಿ.

ಮ್ಯಾಕ್‌ನ ಡಿಸ್ಕ್ ಯುಟಿಲಿಟಿಯಲ್ಲಿ ಮೊದಲು ವ್ಯೂ ಮೆನುವಿನಿಂದ 'ಶೋ ಆಲ್ ಡಿವೈಸಸ್' ಕೊಡಬೇಕು. ಇಲ್ಲದಿದ್ದರೆ ಒಳಗಿನ ಪಾರ್ಟಿಶನ್ ಮಾತ್ರ ಕಾಣುತ್ತದೆ. ನಿಮ್ಮ ಪೆನ್‌ಡ್ರೈವಿನ ಸಾಲುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಆರಿಸಿ ಇರೇಸ್ ಮಾಡಿ. ಸ್ಕೀಮ್ ಕೇಳಿದಾಗ ಮಾಸ್ಟರ್ ಬೂಟ್ ರೆಕಾರ್ಡ್ (ಎಂಬಿಆರ್) ಇಡಿ. ಜಿಯುಐಡಿ ಇಟ್ಟರೆ ಮುಂದೆ 200 ಎಂಬಿಯ ಇಎಫ್‌ಐ ಪಾರ್ಟಿಶನ್ ಒಂದು ಸೇರಿಕೊಳ್ಳುತ್ತದೆ. ಆಮೇಲೆ ಅದನ್ನು ವಿಂಡೋಸ್‌ನಲ್ಲಿ ಅಳಿಸಲು ಬರುತ್ತಿಲ್ಲ ಅಂತ ಇಲ್ಲಿಗೆ ಬರುತ್ತೀರಿ.

ಕ್ಲೀನ್ ಮಾಡಿದ ಮ್ಯಾಲೆ ನೆನಪಾತ್ರಿ, ಮಗಳ ಮದುವಿ ಫೋಟೋ ಅದರಾಗ ಇದ್ವು. ಸಿಗ್ತಾವೇನ್ರಿ?

ಅದಕ್ಕೆ ಬೇರೇನೂ ಹಾಕದಿದ್ದರೆ ಸಿಗುವ ಸಾಧ್ಯತೆ ಚೆನ್ನಾಗಿದೆ. 'ಕ್ಲೀನ್' ಅಳಿಸುವುದು ಪಾರ್ಟಿಶನ್ ಪಟ್ಟಿಯನ್ನು, ಫೋಟೋಗಳನ್ನಲ್ಲ. ಡ್ರೈವನ್ನು ಈಗಲೇ ಕಿತ್ತಿಡಿ. ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ಕಳೆದ ಪಾರ್ಟಿಶನ್ ಹುಡುಕುತ್ತದೆ. ಅದು ಆಗದಿದ್ದರೆ ಅದರ ಜೊತೆಗೇ ಬರುವ ಫೋಟೋರೆಕ್ ಒಂದೊಂದೇ ಫೋಟೋ ಹೆಕ್ಕಿ ತೆಗೆಯುತ್ತದೆ. ಎರಡೂ ಉಚಿತ. ಸಿಕ್ಕಿದ್ದನ್ನು ಕಂಪ್ಯೂಟರಿಗೆ ಉಳಿಸಿ, ಅದೇ ಪೆನ್‌ಡ್ರೈವಿಗಲ್ಲ. ಫೋಟೋರೆಕ್‌ನಲ್ಲಿ ಹಳೆ ಫೈಲ್ ಹೆಸರು ಬರುವುದಿಲ್ಲ, ಕೂತು ವಿಂಗಡಿಸಬೇಕು. ಐಎಸ್‌ಒ ಬರೆದಿದ್ದರೆ ಅದರ ಕೆಳಗೆ ಸಿಕ್ಕ ಭಾಗ ಹೋದಂತೆಯೇ.

## ಟ್ರ್ಯಾಕ್ಟರ್, ಟಿವಿ, ದೊಡ್ಡ ವಿಡಿಯೋ

64 ಜಿಬಿ ಡ್ರೈವ್ ಟ್ರ್ಯಾಕ್ಟರ್ ಟೇಪಿಗೆ ಹಾಕಿದ್ರ ಓದವಲ್ದು. ಕಂಪ್ಯೂಟರ್‌ನಾಗ ಚಲೋ ಐತಿ.

ಟ್ರ್ಯಾಕ್ಟರ್, ಹಳೆ ಕಾರ್, ಅಗ್ಗದ ಸೌಂಡ್ ಬಾಕ್ಸ್‌ಗಳಲ್ಲಿ ಬಹುಪಾಲಿಗೆ ಗೊತ್ತಿರುವುದು ಫ್ಯಾಟ್32 ಎಂಬ ಹಳೆ ಪದ್ಧತಿ ಒಂದೇ. 64 ಜಿಬಿ ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿ ಮೀರಿದ ಡ್ರೈವಿಗೆ ಫ್ಯಾಟ್32 ಆಯ್ಕೆ ಬರುತ್ತಿರಲಿಲ್ಲ. ಹಾಗಾಗಿ ಯಾರೋ ಒಬ್ಬರು 32 ಜಿಬಿಯ ಪಾರ್ಟಿಶನ್ ಮಾಡಿಕೊಡುತ್ತಾರೆ, ಉಳಿದರ್ಧ ಖಾಲಿ ಬಿದ್ದಿರುತ್ತದೆ. ಕಬ್ಬಿನ ಸೀಸನ್ನಿನಲ್ಲಿ ನಮ್ಮ ಟೇಬಲ್ಲಿಗೆ ಬರುವ 'ಅರ್ಧ ಜಾಗ ಹೋದ' ಡ್ರೈವ್‌ಗಳಲ್ಲಿ ಜಾಸ್ತಿ ಇವೇ.

32 ಜಿಬಿಯ ಮಿತಿ ಫ್ಯಾಟ್32ದ್ದಲ್ಲ, ಆ ಕಿಟಕಿಯದ್ದು. ರೂಫಸ್‌ನಲ್ಲಿ ನಾನ್ ಬೂಟೇಬಲ್, ಎಂಬಿಆರ್, ಫ್ಯಾಟ್32 ಆರಿಸಿದರೆ 64 ಜಿಬಿಯೂ ಒಂದೇ ಪಾರ್ಟಿಶನ್ ಆಗಿ ಬರುತ್ತದೆ. ಹಾಗೆ ಮಾಡಿದ ಮೇಲೂ ಓದದಿದ್ದರೆ ಟೇಪಿಗೇ ಅಷ್ಟು ದೊಡ್ಡ ಡ್ರೈವ್ ಆಗುವುದಿಲ್ಲ. 16 ಜಿಬಿಯದು ತಗೊಳ್ಳಿ. ಭಜನೆ ಪದ, ಜಾನಪದ, ಡಿಜೆ ಎಲ್ಲ ಸೇರಿ ಸೀಸನ್ ಮುಗಿಯುವವರೆಗೂ ಸಾಕಾಗುತ್ತದೆ.

ರಾತ್ರಿಯಿಡೀ ಆಡಿದ ಪಾರಿಜಾತದ ವಿಡಿಯೋ 9 ಜಿಬಿ ಐತಿ. ಡ್ರೈವ್ ಖಾಲಿ ಐತಿ, ಆದ್ರೂ ಹೋಗವಲ್ದು.

ಇದು ಫ್ಯಾಟ್32ದೇ ತಕರಾರು. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಟಿವಿಯಲ್ಲಿ ನೋಡಲಿಕ್ಕಾದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಈಚಿನ ಟಿವಿಗಳಲ್ಲಿ ಬಹಳಷ್ಟು ಓದುತ್ತವೆ. ಹಳೆ ಟಿವಿಯಾದರೆ ವಿಡಿಯೋವನ್ನು ಮೂರು ತುಂಡು ಮಾಡಿಸಿ.

ಫೈಲ್ ಎಲ್ಲಾ ಕೂಡಿದ್ರೆ 30 ಎಂಬಿ. ಡ್ರೈವ್‌ನಲ್ಲಿ ಒಂದು ಜಿಬಿ ಹಿಡಿದಿದೆ. ಇದೇನು ಲೆಕ್ಕ?

ಡಿಟಿಪಿಯವರೂ ಪ್ರೋಗ್ರಾಮಿಂಗ್ ಹುಡುಗರೂ ಕೇಳುವ ಪ್ರಶ್ನೆ. ಡ್ರೈವ್ ಜಾಗವನ್ನು ತುಂಡು ತುಂಡಾಗಿ ಕೊಡುತ್ತದೆ. ಫೈಲ್ ಎಷ್ಟೇ ಸಣ್ಣದಿದ್ದರೂ ಒಂದು ಪೂರ್ತಿ ತುಂಡು ಅದಕ್ಕೇ. 32 ಜಿಬಿ ಮೀರಿದ ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಿದರೆ ವಿಂಡೋಸ್ ತಾನಾಗಿ 128 ಕೆಬಿಯ ತುಂಡು ಇಡುತ್ತದೆ. 3 ಕೆಬಿಯ 10,000 ಫೈಲ್ ಹಾಕಿದರೆ 30 ಎಂಬಿ ಬದಲು ಸುಮಾರು 1.2 ಜಿಬಿ ಹಿಡಿಯುತ್ತದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ 'ಸೈಜ್' ಮತ್ತು 'ಸೈಜ್ ಆನ್ ಡಿಸ್ಕ್' ಎರಡನ್ನೂ ನೋಡಿ, ವ್ಯತ್ಯಾಸ ಕಾಣುತ್ತದೆ. ಜಿಪ್ ಮಾಡಿ ಇಡುವುದು ಸುಲಭದ ದಾರಿ. ಇಲ್ಲವೇ ಫಾರ್ಮ್ಯಾಟ್ ಮಾಡುವಾಗ ಅಲೊಕೇಶನ್ ಯೂನಿಟ್ ಸೈಜ್ (ತುಂಡಿನ ಅಳತೆ) 4 ಕೆಬಿ ಆರಿಸಿ.

## ನಕಲಿ ಡ್ರೈವ್

ಸಂತ್ಯಾಗ 2 ಟಿಬಿ ಪೆನ್‌ಡ್ರೈವ್ ಅಗ್ಗಕ್ಕ ಸಿಕ್ತು. ಹಾಡು ಹಾಕಿದ್ರ ಹೆಸರು ಕಾಣ್ತಾವ, ಹಾಡಂಗಿಲ್ಲ.

ಒಳಗಿರುವುದು 8 ಅಥವಾ 16 ಜಿಬಿಯ ಚಿಪ್ ಇರಬಹುದು. ಪೆನ್‌ಡ್ರೈವ್‌ನಲ್ಲಿ ಚಿಪ್ ಜೊತೆಗೆ ಕಂಟ್ರೋಲರ್ ಅಂತ ಇರುತ್ತದೆ. ಎಷ್ಟು ಜಾಗ ಇದೆ ಅಂತ ಕಂಪ್ಯೂಟರಿಗೆ ಹೇಳುವುದು ಅದೇ. ಅದಕ್ಕೆ 2 ಟಿಬಿ ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ವಿಂಡೋಸ್ ನಂಬುತ್ತದೆ, ಅದಕ್ಕೆ ಪರೀಕ್ಷೆ ಮಾಡುವ ಅಭ್ಯಾಸವಿಲ್ಲ. ಮೊದಲ ಕೆಲವು ಜಿಬಿ ಸರಿಯಾಗಿ ಹೋಗುತ್ತದೆ. ಆಮೇಲಿನದು ಗಾಳಿಗೆ ಹೋಗುತ್ತದೆ ಅಥವಾ ಮೊದಲಿನದರ ಮೇಲೇ ಬರೆಯುತ್ತದೆ. ಫೈಲ್‌ಗಳ ಪಟ್ಟಿ ಡ್ರೈವಿನ ಶುರುವಿನಲ್ಲೇ ಇರುವುದರಿಂದ ಹೆಸರು ಮಾತ್ರ ಕಾಣುತ್ತಲೇ ಇರುತ್ತದೆ.

ನಕಲಿ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ಪೂರ್ತಿ ತುಂಬಿಸಿ, ವಾಪಸ್ ಓದಿ ನೋಡಬೇಕು. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಇದೆ. ತೆರೆದಾಗ ಜರ್ಮನ್ ಭಾಷೆ ಬರುತ್ತದೆ, ಇಂಗ್ಲಿಷ್ ಆರಿಸಿಕೊಳ್ಳಿ. ಖಾಲಿ ಡ್ರೈವ್ ಆರಿಸಿ 'ರೈಟ್ ಪ್ಲಸ್ ವೆರಿಫೈ' ಒತ್ತಿ. ಲಿನಕ್ಸ್, ಮ್ಯಾಕ್‌ಗೆ ಎಫ್3 ಇದೆ. ಹೊತ್ತು ಹಿಡಿಯುತ್ತದೆ: ಸೆಕೆಂಡಿಗೆ 10 ಎಂಬಿ ಬರೆಯುವ 64 ಜಿಬಿ ಡ್ರೈವಿಗೆ ಬರೆಯಲಿಕ್ಕೇ ಹತ್ತಿರ ಹತ್ತಿರ 1 ಗಂಟೆ 47 ನಿಮಿಷ. ಅವಸರ ಇದ್ದವರಿಗೆ ವ್ಯಾಲಿಡ್ರೈವ್ ಇದೆ, ಅದು ಅಲ್ಲಲ್ಲಿ ಮಾತ್ರ ಮುಟ್ಟಿ ನೋಡಿ ಬೇಗ ಹೇಳುತ್ತದೆ.

ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ವಾಪಸ್ ಕೊಡುವ ದಿನ ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿ, ಫಲಿತಾಂಶದ ಫೋಟೋ ತೆಗೆದಿಟ್ಟುಕೊಳ್ಳಿ.

ಅದನ್ನ 2 ಟಿಬಿ ಮಾಡಿಕೊಡ್ತೀರಾ? ಎಷ್ಟಾದ್ರೂ ಆಗ್ಲಿ.

ಇಲ್ಲದ ಜಾಗ ಯಾರಿಂದಲೂ ತರಲು ಆಗುವುದಿಲ್ಲ. ಮಾಡಿಕೊಡುತ್ತೇನೆ ಅಂದವರಿಗೆ ದುಡ್ಡು ಕೊಡಬೇಡಿ. ಆಗುವುದು ಒಂದೇ: ಪರೀಕ್ಷೆಯಲ್ಲಿ 7.2 ಜಿಬಿ ಸರಿ ಅಂತ ಬಂದರೆ, ಡಿಸ್ಕ್‌ಪಾರ್ಟ್‌ನಲ್ಲಿ ಪಾರ್ಟಿಶನ್ ಮಾಡುವಾಗ ಸೈಜ್=7000 ಅಂತ ಸೇರಿಸಿ ಅಷ್ಟಕ್ಕೇ ಕಟ್ಟಿಹಾಕುವುದು. ಅದರಲ್ಲಿ ಹಾಡು ಇಡಿ. ಪ್ರಾಜೆಕ್ಟ್ ರಿಪೋರ್ಟ್, ಹೊಲದ ಕಾಗದದ ಸ್ಕ್ಯಾನ್ ಇಡಬೇಡಿ. ಇಂಥದ್ದರೊಳಗಿನ ಚಿಪ್ ಕೂಡ ಕಳಪೆಯೇ ಇರುತ್ತದೆ.

## ಮಾತು ಕೇಳದ ಡ್ರೈವ್‌ಗಳು

'ರೈಟ್ ಪ್ರೊಟೆಕ್ಟೆಡ್' ಅಂತ ಬರುತ್ತೆ. ಏನೂ ಅಳಿಸೋಕೆ ಆಗ್ತಿಲ್ಲ.

ಬದಿಯಲ್ಲಿ ಪುಟ್ಟ ಸ್ವಿಚ್ ಇದೆಯಾ ನೋಡಿ, ಕೆಲವು ಡ್ರೈವ್‌ಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಡಿಸ್ಕ್‌ಪಾರ್ಟ್‌ನಲ್ಲಿ ಡ್ರೈವ್ ಆರಿಸಿ ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ ಕೊಡಿ. ಬೇರೆ ಕಂಪ್ಯೂಟರಿನಲ್ಲೂ ಹಾಕಿ ನೋಡಿ. ಎಲ್ಲ ಕಡೆ ಹಾಗೇ ಅಂದರೆ ಚಿಪ್ ಸವೆದಿದೆ. ಇನ್ನು ಬರೆದರೆ ಇದ್ದದ್ದೂ ಹಾಳಾಗುತ್ತದೆ ಅಂತ ಕಂಟ್ರೋಲರ್ ಬಾಗಿಲು ಹಾಕಿಕೊಂಡಿದೆ. ಓದಲು ಬರುತ್ತಿರುವಾಗಲೇ ಎಲ್ಲ ಕಾಪಿ ಮಾಡಿಕೊಳ್ಳಿ.

ಡಿಸ್ಕ್‌ಪಾರ್ಟ್‌ನಲ್ಲಿ 'ನೋ ಮೀಡಿಯಾ', 0 ಬೈಟ್ ಅಂತ ಇದೆ. ಏನಾದ್ರೂ ಮಾಡಬಹುದಾ?

ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟಿಗೆ ಹಾಕಿ ನೋಡಿ, ಮುಂದಿನ ಪೋರ್ಟ್‌ಗಳು ಎಷ್ಟೋ ಸಲ ಸಡಿಲ ಇರುತ್ತವೆ. ಆಗಲೂ ಹಾಗೇ ಅಂದರೆ ಕಂಟ್ರೋಲರಿಗೆ ಚಿಪ್ ಸಿಗುತ್ತಿಲ್ಲ. ಫಾರ್ಮ್ಯಾಟ್, ಕ್ಲೀನ್ ಯಾವುದೂ ನಾಟುವುದಿಲ್ಲ.

ಯೂಟ್ಯೂಬ್‌ನಲ್ಲಿ ಚಿಪ್‌ಜೀನಿಯಸ್, ಮಾಸ್ ಪ್ರೊಡಕ್ಷನ್ ಟೂಲ್ ಅಂತ ತೋರಿಸ್ತಾರೆ. ಅದರಿಂದ ಆಗುತ್ತಾ?

ಕೆಲವು ಸಲ ಆಗುತ್ತದೆ. ಚಿಪ್‌ಜೀನಿಯಸ್ ಒಳಗಿನ ಕಂಟ್ರೋಲರ್ ಯಾವುದು ಅಂತ ಹೇಳುತ್ತದೆ: ಫೈಸನ್, ಸಿಲಿಕಾನ್ ಮೋಷನ್, ಆಲ್ಕೋರ್ ಹೀಗೆ. ಕಾರ್ಖಾನೆಯಲ್ಲಿ ಆ ಕಂಟ್ರೋಲರಿಗೆ ಜೀವ ಕೊಡಲು ಬಳಸುವ ಟೂಲ್ ಸಿಕ್ಕರೆ ಫರ್ಮ್‌ವೇರ್ (ಕಂಟ್ರೋಲರಿನ ಒಳಗಿನ ತಂತ್ರಾಂಶ) ಹೊಸದಾಗಿ ಹಾಕಬಹುದು. ನಕಲಿ ಡ್ರೈವನ್ನು ನಿಜವಾದ ಅಳತೆಗೆ ತರುವುದೂ ಇದರಿಂದಲೇ. ಆದರೆ ಸರಿಯಾದ ಕಂಟ್ರೋಲರಿಗೆ ಸರಿಯಾದ ವರ್ಶನ್ನೇ ಬೇಕು. ತಪ್ಪಿದರೆ ಡ್ರೈವ್ ಕಾಣಿಸುವುದೂ ನಿಲ್ಲುತ್ತದೆ. ಒಳಗಿನ ಡೇಟಾ ಹೇಗೂ ಹೋಗುತ್ತದೆ. ಈ ಟೂಲ್‌ಗಳು ಎಲ್ಲೆಲ್ಲಿಂದಲೋ ಡೌನ್‌ಲೋಡ್ ಆಗುವಂಥವು, ವೈರಸ್ ಸೇರಿಬರುವುದೇ ಜಾಸ್ತಿ. ಎಸೆಯಬೇಕು ಅಂತ ಇಟ್ಟ ಡ್ರೈವ್, ಹಳೆ ಕಂಪ್ಯೂಟರ್ ಇದ್ದರೆ ಕಲಿಯಲಿಕ್ಕೆ ಮಾಡಿ ನೋಡಿ. ಹೊಸ ಡ್ರೈವಿನ ಬೆಲೆ ನೋಡಿದರೆ ಗಿರಾಕಿಗಳಿಗೆ ನಾನು ಇದನ್ನು ಮಾಡಿಕೊಡುವುದಿಲ್ಲ.

ಜಾಗ ಪೂರ್ತಿ ವಾಪಸ್ ಬಂತು. ಈಗ ಡ್ರೈವ್ ಬೇರೆಯವರಿಗೆ ಕೊಡಬೇಕು. ಹಾಗೇ ಕೊಡಬಹುದಾ?

ಮನೆಯ ಫೋಟೋ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಅದರಲ್ಲಿ ಇದ್ದವು ಅಂದರೆ ಬೇಡ. ಮೇಲೆ ಹೇಳಿದ ಕ್ಲೀನ್, ಕ್ವಿಕ್ ಫಾರ್ಮ್ಯಾಟ್ ಎರಡೂ ಹಳೆಯದನ್ನು ನಿಜವಾಗಿ ಅಳಿಸುವುದಿಲ್ಲ. ಫಾರ್ಮ್ಯಾಟ್ ಕಿಟಕಿಯಲ್ಲಿ 'ಕ್ವಿಕ್ ಫಾರ್ಮ್ಯಾಟ್' ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿ. ವಿಸ್ತಾದಿಂದ ಈಚಿನ ವಿಂಡೋಸ್‌ಗಳಲ್ಲಿ ಆಗ ಪಾರ್ಟಿಶನ್ ಪೂರ್ತಿ ಸೊನ್ನೆ ಬರೆಯುತ್ತದೆ. ಅಥವಾ 'ಕ್ಲೀನ್ ಆಲ್' ಕೊಡಿ. ದೊಡ್ಡ ಡ್ರೈವಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ, ಸ್ಲೀಪ್ ಬಂದ್ ಮಾಡಿಯೇ ಶುರು ಮಾಡಿ.